ಆಸ್ಪತ್ರೆ ಬಿಲ್ಲಿನಲ್ಲಿ ಬಾರದ ಊಟದ ಖರ್ಚು



ಕಾಸರಗೋಡಿನ ನಮಗೆ ಕಾಯಿಲೆ ಸ್ವಲ್ಪ ದೊಡ್ಡದಾದರೆ ಮಂಗಳೂರೇ ಗತಿ. ಕಳೆದ ಮಳೆಗಾಲದಲ್ಲಿ ಭಾವನವರನ್ನು ಹಂಪನಕಟ್ಟೆ ಸಮೀಪದ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದಾಗ ಅಕ್ಕನೂ ನಾನೂ 9 ದಿನ ಅಲ್ಲೇ ಇದ್ದೆವು. ಗುಮಾಸ್ತಗಿರಿ ಬಿಟ್ಟರೂ ಲೆಕ್ಕ ಬರೆಯುವ ಚಟ ಬಿಟ್ಟಿಲ್ಲ. ಇಬ್ಬರ ಊಟ ತಿಂಡಿಗೆ ಆದದ್ದು 4,140 ರೂಪಾಯಿ, ಅಂದರೆ ತಲೆಗೆ ದಿನಕ್ಕೆ 230. ಬೆಳಗ್ಗೆ 60, ಮಧ್ಯಾಹ್ನ 90, ಚಹಾ 20, ರಾತ್ರಿ 60. ಔಷಧಿಯ ಖರ್ಚು ಎಲ್ಲರೂ ಕೇಳಿದರು, ಇದನ್ನು ಯಾರೂ ಕೇಳಲಿಲ್ಲ. ದಿನಗೂಲಿಯವರಿಗೆ ಕೂಲಿಯೂ ಹೋಗಿ ಈ ಖರ್ಚೂ ಬಂದರೆ ಏನು ಗತಿ?

ಹೋಟೆಲಿನವರನ್ನು ಬೈಯುವುದು ಸುಲಭ. ಕರಾವಳಿಯ ಅಡುಗೆಗೆ ತೆಂಗಿನಕಾಯಿ ಬೇಕೇ ಬೇಕು. 2025ರಲ್ಲಿ ಕಾಯಿ, ಕೊಬ್ಬರಿ ಎಣ್ಣೆ ಯಾವ ಮಟ್ಟಕ್ಕೆ ಏರಿತೆಂದು ತೋಟ ಇದ್ದವರಿಗೆ ನಾನು ಹೇಳಬೇಕಾಗಿಲ್ಲ. ಮಾರುವಾಗ ಸಂತೋಷಪಟ್ಟವರೂ ನಾವೇ. ಅದೇ ವರ್ಷ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಹೋಟೆಲಿನ 19 ಕೆ.ಜಿ. ಸಿಲಿಂಡರಿನ ದರ ತಿಂಗಳ ಮೊದಲ ದಿನ ಪರಿಷ್ಕರಣೆಯಾಗುತ್ತದೆ. ಊಟದ ದರ ತಿಂಗಳಿಗೊಮ್ಮೆ ಬದಲಿಸಲಾಗದ ಸಣ್ಣ ಹೋಟೆಲಿನವರು ಪಲ್ಯ ಕಡಿಮೆ ಮಾಡುತ್ತಾರೆ, ಇಲ್ಲವೇ ಎರಡನೇ ಸಲ ಅನ್ನ ಬಡಿಸುವಾಗ ಕೈ ಬಿಗಿ ಹಿಡಿಯುತ್ತಾರೆ. (ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಹಾಕಿದ್ದರೆ ಕೊಡಲೇಬೇಕೆಂದಿಲ್ಲ, ತೆಗೆಯಿರಿ ಎಂದು ಹೇಳಬಹುದು.)

ಹಾಗಾದರೆ ಅಗ್ಗದ ಊಟ ಎಲ್ಲಿ? ಲೇಡಿಗೋಷನ್ ಆಸ್ಪತ್ರೆ ಬಳಿಯ ಇಂದಿರಾ ಕ್ಯಾಂಟೀನ್ ನಡೆದು ಹೋಗುವ ದೂರದಲ್ಲಿದೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೋಜನೆ ಇದು. ತಿಂಡಿ 5, ಊಟ 10 ರೂಪಾಯಿ ಎಂದು ಆಗ ನಿಗದಿಯಾಯಿತು. ಮೊದಲ ದಿನ ನನಗೆ ಸಂಕೋಚ. ನಾವು ಕೇರಳದವರು, ಕೊಡುತ್ತಾರೋ ಇಲ್ಲವೋ ಎಂದು. ಯಾರೂ ಕಾರ್ಡು ಕೇಳಲಿಲ್ಲ. ಇದು ಸಣ್ಣ ಮಾತಲ್ಲ. ಕರ್ನಾಟಕದ ಶಕ್ತಿ ಬಸ್ಸಿನಲ್ಲಿ ಅಕ್ಕನಿಗೆ ಉಚಿತ ಟಿಕೆಟ್ ಇಲ್ಲ, ಆಧಾರಿನಲ್ಲಿ ವಿಳಾಸ ಕೇರಳದ್ದು. ಭಾಷೆ ಒಂದೇ ಆದರೂ ವಿಳಾಸ ಬೇರೆಯಾದ ನಮಗೆ, ವಿಳಾಸ ಕೇಳದೆ ಸಿಗುವ ಸರಕಾರಿ ಸೌಲಭ್ಯ ಈ ಒಂದು ತಟ್ಟೆ ಊಟ.

ಉಳಿದ ಗಡಿಗಳಲ್ಲೂ ಇಂಥದ್ದಿದೆ. ತಮಿಳುನಾಡಿನ ಅಮ್ಮ ಉಣವಗಂ 2013ರಿಂದ. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ 2020ರ ಜನವರಿಯಲ್ಲಿ ಶುರುವಾದ 10 ರೂಪಾಯಿಯ ಶಿವಭೋಜನ ಥಾಲಿ ಗೊತ್ತು. ಆಂಧ್ರದ 5 ರೂಪಾಯಿಯ ಅನ್ನಾ ಕ್ಯಾಂಟೀನ್ 2018ರಲ್ಲಿ ಹುಟ್ಟಿ, ಮರುವರ್ಷ ಸರಕಾರ ಬದಲಾದಾಗ ಮುಚ್ಚಿ, 2024ರ ಆಗಸ್ಟ್ 15ರಂದು ಮತ್ತೆ ತೆರೆಯಿತು. ನಮ್ಮ ಕೇರಳದಲ್ಲಿ ಕುಟುಂಬಶ್ರೀ ಮಹಿಳೆಯರ ಜನಕೀಯ ಹೋಟೆಲ್‌ಗಳು 20 ರೂಪಾಯಿಗೆ ಊಟ ಕೊಡುತ್ತಿದ್ದವು. ಊಟಕ್ಕೆ 10 ರೂಪಾಯಿಯಂತೆ ಸಿಗುತ್ತಿದ್ದ ಸಬ್ಸಿಡಿ 2023ರ ಆಗಸ್ಟಿನಲ್ಲಿ ನಿಂತಿತು, ದರ 30 ಆಯಿತು. ಊಟದ ದರ ನಿಲ್ಲುವುದು ಅಕ್ಕಿಯ ಮೇಲಲ್ಲ, ಬಜೆಟ್ಟಿನ ಮೇಲೆ. ಕ್ಯಾಂಟೀನು ಇದೆ ಎಂಬ ಹಳೆಯ ಸುದ್ದಿ ನಂಬಿ ಹೊರಡುವಂತಿಲ್ಲ.

ಇನ್ನೊಂದು ತೊಡಕು ಸಮಯದ್ದು. ಇಂಥ ಕಡೆ ತಟ್ಟೆಗಳ ಲೆಕ್ಕ ಮೊದಲೇ ನಿಗದಿ. ಡಾಕ್ಟರು ರೌಂಡ್ಸ್ ಮುಗಿಸಿ, ಔಷಧಿ ಚೀಟಿ ಹಿಡಿದು ನಾವು ಹೊರಬರುವಾಗ ಊಟ ಮುಗಿದಿರುತ್ತದೆ. ಆಮೇಲೆ 90 ರೂಪಾಯಿಯ ಹೋಟೆಲೇ. ಆದ್ದರಿಂದಲೇ ನನ್ನ ಲೆಕ್ಕ 4,140ಕ್ಕೆ ಹೋದದ್ದು. ಅಕ್ಕ ಎರಡು ದಿನ ಬನ್ಸ್ ತಿಂದೇ ಮಧ್ಯಾಹ್ನ ಕಳೆದಳು, ನನಗೆ ಹೇಳಲಿಲ್ಲ.

ಸಂಘದ ವತಿಯಿಂದ ಒಂದು ಪಟ್ಟಿ ಮಾಡುತ್ತಿದ್ದೇವೆ. ಮಂಗಳೂರು, ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ, ಯಾವ ಊರಿನ ಆಸ್ಪತ್ರೆಗೆ ಹೋಗಿ ಬಂದಿದ್ದರೂ ಸುತ್ತಮುತ್ತ ನೀವು ಉಂಡ ಜಾಗದ ಹೆಸರು, ಊಟದ ದರ, ಭಾನುವಾರ ತೆರೆದಿರುತ್ತದೆಯೇ, ಎಷ್ಟು ಗಂಟೆವರೆಗೆ ಅನ್ನ ಸಿಗುತ್ತದೆ, ಕುಡಿಯಲು ಬಿಸಿನೀರು ಕೊಡುತ್ತಾರೆಯೇ ಎಂದು ಬರೆದು ಕಳಿಸಿ. ಕುಚ್ಚಲಕ್ಕಿ ಅನ್ನ ಸಿಗುವ ಕಡೆ ವಿಶೇಷವಾಗಿ ತಿಳಿಸಿ, ನಮ್ಮ ಕಡೆಯ ರೋಗಿಗಳಿಗೆ ಅದರ ಗಂಜಿಯೇ ಆಗಬೇಕು. ಉಂಡ ದಿನಾಂಕ ತಪ್ಪದೆ ಹಾಕಿ. ದಿನಾಂಕವಿಲ್ಲದ ದರವನ್ನು ಪಟ್ಟಿಗೆ ಸೇರಿಸುವುದಿಲ್ಲ.

ಇತಿ,
ಕಾರ್ಯದರ್ಶಿ