ಹಸುವಿನ ಮೇವಿಗೆ ಒಂದು ಎಚ್‌ಪಿ, ಹೆಂಗಸಿನ ದುಡಿಮೆಗೆ 200 ವ್ಯಾಟ್

ಮನೆ ಇರುವುದು ವಾಸಕ್ಕೆ, ವ್ಯಾಪಾರ ಮಾಡುವವರು ಮಳಿಗೆ ಹಿಡಿಯಲಿ, ಲೈಸೆನ್ಸ್ ತೆಗೆದುಕೊಳ್ಳಲಿ, ಕಮರ್ಷಿಯಲ್ ಮೀಟರ್ ಹಾಕಿಸಲಿ ಎಂದು ಉಪದೇಶ ಮಾಡುವವರನ್ನು ಒಂದು ಮಾತು ಕೇಳಬೇಕಾಗಿದೆ. ತೆಲಿಗಿ, ಕೊಟ್ಟೂರು, ಹಡಗಲಿ ಕಡೆಯ ಯಾವ ಓಣಿಯಲ್ಲಿ ಬರೀ ವಾಸಕ್ಕೆಂದು ಕಟ್ಟಿದ ಮನೆ ಕಂಡಿದ್ದೀರಿ? ಕಟ್ಟೆಯ ಮೇಲೆ ಕೂತು ಮಲ್ಲಿಗೆ ಮಾಲೆ ಕಟ್ಟುತ್ತಾರೆ. ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಓಡುತ್ತದೆ. ಮಾಳಿಗೆಯ ಮೇಲೆ ಹಪ್ಪಳ, ಶಾವಿಗೆ ಒಣಗುತ್ತವೆ. ಖಾನಾವಳಿಗೆ ಕೊಡಬೇಕಾದ ಜೋಳದ ರೊಟ್ಟಿಯನ್ನು ನಸುಕಿನಲ್ಲೇ ಎದ್ದು ಬಡಿಯುತ್ತಾರೆ. ಇದನ್ನು ಅಕ್ರಮ ಎನ್ನುವವರು ನಮ್ಮ ಊರುಗಳನ್ನೇ ಅಕ್ರಮ ಎನ್ನುತ್ತಿದ್ದಾರೆ.

ಮನೆಯ ಮೀಟರಿನಲ್ಲಿ ದುಡಿಮೆ ಮಾಡಬಾರದು ಎಂಬ ಮಾತೇ ಸುಳ್ಳು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ಗೃಹಬಳಕೆ ದರದ ವಿವರಣೆ ಓದಿ. ಮನೆಯ ಒಂದು ಭಾಗದಲ್ಲಿ ವಕೀಲರು, ವೈದ್ಯರು, ಎಂಜಿನಿಯರು, ಆರ್ಕಿಟೆಕ್ಟ್, ಲೆಕ್ಕಪರಿಶೋಧಕರು, ಆದಾಯ ತೆರಿಗೆ ಸಲಹೆಗಾರರು ಕೂತು ದುಡಿಯಬಹುದು. ಜ್ಯೋತಿಷಿಗಳೂ ಆ ಪಟ್ಟಿಯಲ್ಲಿದ್ದಾರೆ. ಹೊಲಿಗೆ, ಅಕ್ಕಸಾಲಿಕೆ, ಕೈಮಗ್ಗ, ಬ್ಯೂಟಿ ಪಾರ್ಲರ್, ಹೋಮ್‌ಸ್ಟೇ ಎಲ್ಲಕ್ಕೂ ಮನೆಯ ದರವೇ ಅನ್ವಯ. ಬಟ್ಟೆ ಹೊಲಿಯುವವರ ಹೆಸರು ಅಲ್ಲಿದೆಯೆಂದು ನನಗೆ ಸಂತೋಷವೇ. ಆದರೆ ರೊಟ್ಟಿ ಮಾಡುವವಳ ಹೆಸರಿಲ್ಲ. ಶಾವಿಗೆ, ಸಂಡಿಗೆ, ಚಟ್ನಿಪುಡಿ, ಖಾರಪುಡಿ ಮಾಡುವವಳ ಹೆಸರಿಲ್ಲ. ಅವಳು ತೂರಿಕೊಳ್ಳಬಹುದಾದ ಸಂದಿ ಒಂದೇ, ಕುಶಲಕರ್ಮಿ ಎನ್ನುವುದು. ಅದಕ್ಕೆ ಮೋಟಾರಿನ ಮಿತಿ 200 ವ್ಯಾಟ್.

ಅದೇ ಪಟ್ಟಿಯಲ್ಲಿ ಇನ್ನಷ್ಟು ಕೆಳಗೆ ಮೇವು ಕತ್ತರಿಸುವ ಯಂತ್ರವಿದೆ, ಹಾಲು ಕರೆಯುವ ಯಂತ್ರವಿದೆ. ಅವಕ್ಕೆ ಮಿತಿ ಒಂದು ಎಚ್‌ಪಿ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಹಸುವಿಗೆ ಮೇವು ಕತ್ತರಿಸಲು 746 ವ್ಯಾಟ್ ಒಪ್ಪಿದ ರಾಜ್ಯ, ಮನುಷ್ಯರು ತಿನ್ನುವ ಖಾರ ಕುಟ್ಟಲು 200ಕ್ಕೆ ಗೆರೆ ಎಳೆದಿದೆ. ರೈತರಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಒಂದು ಎಚ್‌ಪಿ ಮೋಟಾರಿನಿಂದ ಓಣಿಗೆ ಉಪದ್ರವವಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಾಗಿದೆಯಲ್ಲ, ಹಿಟ್ಟು ನಾದಿದ ಕೂಡಲೇ ಅದೇ ಮೋಟಾರು ಉಪದ್ರವವಾಗುವುದು ಹೇಗೆ?

ಇಷ್ಟೆಲ್ಲ ಹೇಳುವುದು ಯಾಕೆಂದರೆ ಮೀಟರ್ ಬದಲಾದರೆ ಗೃಹಜ್ಯೋತಿ ಹೋಗುತ್ತದೆ. ಒಂದು ಎಚ್‌ಪಿ ಮೋಟಾರ್ ದಿನಕ್ಕೆ ನಾಲ್ಕು ತಾಸು ಓಡಿದರೆ ತಿಂಗಳಿಗೆ 90 ಯೂನಿಟ್ ಹತ್ತಿರ. ದೀಪ, ಫ್ಯಾನು, ಟಿವಿ ಸೇರಿದರೂ ಸಣ್ಣ ಮನೆ ಗೃಹಜ್ಯೋತಿಯ 200 ಯೂನಿಟ್ ಒಳಗೇ ಇರುತ್ತದೆ. ಆದರೂ ಲೈನ್‌ಮನ್ ಬಾಗಿಲಿಗೆ ಬಂದರೆ ಆಕೆ ಯಂತ್ರದ ಮೇಲೆ ಸೀರೆ ಹೊದಿಸುತ್ತಾಳೆ. ದುಡಿದು ತಿನ್ನುವವಳನ್ನು ಕಳ್ಳಿಯಂತೆ ಅಂಜಿಸುವ ನಿಯಮ ಯಾರ ಹಿತಕ್ಕೆ? ಗೃಹಲಕ್ಷ್ಮಿಯ ಎರಡು ಸಾವಿರ ಕೂಡಿಟ್ಟು ಯಂತ್ರ ಕೊಂಡವರನ್ನು ಸರ್ಕಾರ ಹೊಗಳುತ್ತದೆ. ಕಲಬುರಗಿ ರೊಟ್ಟಿ ಎಂದು ಬ್ರ್ಯಾಂಡ್ ಮಾಡಿ ಮಾರುತ್ತದೆ. ಕಿರು ಆಹಾರ ಉದ್ಯಮಗಳ ಯೋಜನೆಯಲ್ಲಿ ಕೇಂದ್ರ ಯೋಜನೆಯ 35ಕ್ಕೆ ರಾಜ್ಯದ 15 ಸೇರಿಸಿ ನೂರಕ್ಕೆ 50ರಷ್ಟು ಸಹಾಯಧನ ಕೊಡುತ್ತದೆ. ಯಂತ್ರಕ್ಕೆ ದುಡ್ಡು ಕೊಡುವುದೂ ಸರ್ಕಾರ, ಅದನ್ನು ಮನೆಯಲ್ಲಿ ಓಡಿಸಿದರೆ ಕಣ್ಣು ಕೆಂಪು ಮಾಡುವುದೂ ಸರ್ಕಾರ.

ಇನ್ನು ಲೈಸೆನ್ಸಿನ ಮಾತು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಕರೆಂಟಿನಿಂದ ತಿರುಗುವ ಯಂತ್ರ ಕೂರಿಸಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಅರ್ಜಿ ಕೊಡಲು ಹೋದವಳಿಗೆ ಮೊದಲು ಎದುರಾಗುವುದು ಮನೆಯ ದಾಖಲೆಯ ಪ್ರಶ್ನೆ. ಇ-ಸ್ವತ್ತು ಆಗಿದೆಯೇ, ನಮೂನೆ 9, 11 ಎಲ್ಲಿ? ಮನೆ ಮಾವನ ಹೆಸರಿನಲ್ಲಿರುತ್ತದೆ, ಮಾವ ತೀರಿಕೊಂಡು ಹತ್ತು ವರ್ಷವಾಗಿರುತ್ತದೆ, ಮೈದುನಂದಿರು ಸಹಿ ಹಾಕುವುದಿಲ್ಲ. ಆಹಾರ ಸುರಕ್ಷತೆಯ 2011ರ ನಿಯಮಾವಳಿ ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿಯ ನೋಂದಣಿ ಸಾಕು ಎಂದಿತು. ದೆಹಲಿಯಲ್ಲಿ ಕೂತವರಿಗೆ ಹೊಳೆದ ಈ ಸರಳ ದಾರಿ ಬೆಂಗಳೂರಿಗೆ ಹೊಳೆಯಲಿಲ್ಲ.

ಹೊಳೆಯಲಿಲ್ಲ ಎನ್ನುವುದೂ ಸರಿಯಲ್ಲ, ಹೊಳೆದದ್ದು ದೊಡ್ಡವರಿಗಾಗಿ. 2020ರಲ್ಲಿ ಇದೇ ರಾಜ್ಯ ಕೈಗಾರಿಕಾ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಿತು. ಕಾರ್ಖಾನೆ ಕಟ್ಟುವವನು ಒಂದು ಅಫಿಡವಿಟ್ ಬರೆದುಕೊಟ್ಟರೆ ಹಲವು ಅನುಮತಿಗಳಿಗೆ ಕಾಯದೆ ಕೆಲಸ ಶುರು ಮಾಡಬಹುದು, ಕಾಗದ ಪತ್ರ ಸರಿಮಾಡಿಕೊಳ್ಳಲು ಮೂರು ವರ್ಷ ಸಮಯ. ಕೋಟಿಗಟ್ಟಲೆ ಹಾಕುವವನ ಮಾತನ್ನು ನಂಬುವ ಸರ್ಕಾರ ರೊಟ್ಟಿ ಬಡಿಯುವವಳ ಮಾತನ್ನು ನಂಬುವುದಿಲ್ಲ.

ಈ ವಲಯ, ವಾಸ, ವಾಣಿಜ್ಯ ಎಂಬ ಗೆರೆಗಳೆಲ್ಲ ದೊಡ್ಡ ಪಟ್ಟಣಗಳ ಜಗಳದಿಂದ ಬಂದವು. ಇಂದಿರಾನಗರ, ಕೋರಮಂಗಲದ ಜನ ಪಬ್ಬುಗಳ ಗಲಾಟೆಗೆ ನಿದ್ದೆಗೆಟ್ಟು ಬೀದಿಗಿಳಿದರು, ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಪಬ್ಬಿಗೆ ಹಾಕಬೇಕಾದ ಬೇಲಿಯನ್ನು ತೆಲಿಗಿಯ ಪಡಸಾಲೆಗೆ ತಂದು ಹಾಕುತ್ತೀರಲ್ಲ! ನಮ್ಮ ಹರಪನಹಳ್ಳಿ ತಾಲ್ಲೂಕಿನ ಹಣೆಬರಹವೇ ಹೀಗೆ, ಬೇರೆಲ್ಲೋ ಕೂತವರು ಗೆರೆ ಎಳೆಯುತ್ತಾರೆ. 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದರು. 2013ರಲ್ಲಿ ಬಳ್ಳಾರಿ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ಬಂದಾಗ ಆ ಕಾರಣಕ್ಕೇ ನಾವು ಹೊರಗುಳಿದೆವು. ವರ್ಷಗಟ್ಟಲೆ ಹೋರಾಡಿ ಅದನ್ನು ಪಡೆದು ಬಳ್ಳಾರಿಗೆ ಮರಳಿದೆವು, 2021ರಲ್ಲಿ ವಿಜಯನಗರ ಎಂದರು. ಹರಿಹರ, ದಾವಣಗೆರೆ ಹತ್ತಿರವಿರುವ ತೆಲಿಗಿಯವರು ಜಿಲ್ಲಾ ಕಚೇರಿಗೆಂದು ಹೊಸಪೇಟೆಗೆ ಹೋಗಬೇಕು. ಒಂದು ಸಹಿಗೆ ಒಂದು ದಿನದ ದುಡಿಮೆ ಖೋತಾ.

ನಿಯಮ ಪಾಲಿಸಿದರೆ ಭಯವೇಕೆ ಎನ್ನುವವರು 2025ರ ಜುಲೈ ನೆನಪಿಸಿಕೊಳ್ಳಲಿ. ಯುಪಿಐ ಲೆಕ್ಕ ಹಿಡಿದು ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ಜಿಎಸ್‌ಟಿ ನೋಟಿಸ್ ಕಳಿಸಿದರು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ರಾಜ್ಯವೆಲ್ಲ ಗದ್ದಲ ಎದ್ದ ಮೇಲೆ ಮುಖ್ಯಮಂತ್ರಿಗಳು ಸಮಾಧಾನ ಹೇಳಬೇಕಾಯಿತು. ಹೆಸರು ದಾಖಲಾದರೆ ಏನು ಬಂದೀತೋ ಎಂಬ ಅಂಜಿಕೆಯನ್ನು ಜನರಲ್ಲಿ ಬಿತ್ತಿದ್ದು ಇಂಥ ನೋಟಿಸುಗಳೇ.

ಮನೆಯೊಳಗಿನ ದುಡಿಮೆಯನ್ನು ಬೇರೆಯಾಗಿ ನೋಡುವುದು ಕಾನೂನಿಗೆ ಹೊಸದೂ ಅಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆಯೇ ಸ್ವಂತ ಮನೆಯಲ್ಲಿ ಮನೆಮಂದಿಯ ಜೊತೆ ಸ್ವಂತಕ್ಕೆ ದುಡಿಯುವವರನ್ನು ತನ್ನ ಕಟ್ಟಳೆಯಿಂದ ಹೊರಗಿಟ್ಟಿತ್ತು. ಬೀದಿಯಲ್ಲಿ ಮಾರುವವರಿಗೆ 2014ರಲ್ಲಿ ಒಂದು ರಕ್ಷಣೆಯ ಕಾಯ್ದೆ ಬಂತು. ಮನೆಯೊಳಗೆ ಕೂತು ಮಾಡುವವರಿಗೆ ಅಂಥದ್ದೊಂದು ಇವತ್ತಿಗೂ ಇಲ್ಲ.

ಆಗಬೇಕಾದದ್ದು ಇಷ್ಟು. ಗೃಹಬಳಕೆಯ ಪಟ್ಟಿಗೆ ಮನೆಯಲ್ಲಿ ಆಹಾರ ತಯಾರಿಸುವವರನ್ನು ಆಯೋಗ ಸೇರಿಸಲಿ, ಹಸುವಿಗೆ ಕೊಟ್ಟ ಒಂದು ಎಚ್‌ಪಿಯನ್ನೇ ಅವರಿಗೂ ಕೊಡಲಿ. ಮನೆಮಂದಿಯೇ ದುಡಿಯುವ ಕಡೆ ಪಂಚಾಯಿತಿ ಒಂದು ಹಾಳೆಯ ಸ್ವಯಂ ಘೋಷಣೆ ಪಡೆದು ಸ್ವೀಕೃತಿ ಕೊಡಲಿ, ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳುವುದು ಬೇಡ. ಹೊಗೆ, ಗಲೀಜು, ರಾತ್ರಿಯ ಸದ್ದಿನ ದೂರು ಬಂದರೆ ಪಿಡಿಒ ಹೋಗಿ ನೋಡಲಿ, ತಪ್ಪಿದ್ದರೆ ನಿಲ್ಲಿಸಲಿ. ಆಯೋಗ ಪ್ರತಿ ಸಲ ದರ ಪರಿಷ್ಕರಿಸುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಮುಂದಿನ ವಿಚಾರಣೆಗೆ ನಮ್ಮ ಜಿಲ್ಲೆಯ ಆರೂ ತಾಲ್ಲೂಕುಗಳ ಸ್ತ್ರೀಶಕ್ತಿ ಸಂಘಗಳು ಆಕ್ಷೇಪಣೆ ಬರೆದು ಕಳಿಸಬೇಕು, 200 ಮತ್ತು 746 ಎಂಬ ಎರಡು ಸಂಖ್ಯೆಗಳನ್ನು ಅದರ ಮೊದಲ ಸಾಲಿನಲ್ಲೇ ಬರೆಯಬೇಕು.