ಅಪ್ಪಣೆಯ ಚೀಟಿಯೂ ಪ್ರಜೆಯ ನಾಲಗೆಯೂ

ಕೆರೆಬಿಳಚಿಯ ರೈತನಿಗೆ ಸೂಳೆಕೆರೆಯ ತೂಬಿನ ಮಹತ್ತ್ವವನ್ನು ನಾವು ಕಲಿಸಬೇಕಾದುದಿಲ್ಲ. ಕೆರೆಯಲ್ಲಿ ಎಷ್ಟು ನೀರಿದ್ದರೇನು? ತೂಬನ್ನೆತ್ತುವ ಅಧಿಕಾರವು ಒಬ್ಬನ ಕೈಸೇರಿ, ಅವನು ತನಗೆ ಬೇಕಾದವರ ಗದ್ದೆಗೆ ಮಾತ್ರ ನೀರು ಬಿಡುವವನಾದರೆ, ಕೆರೆಯ ಕೆಳಗಣ ಪೈರೂ ಒಣಗುವದು. ವೃತ್ತಪತ್ರಿಕೆಯನ್ನು ಹೊರಡಿಸಲು ಸರಕಾರದ ಪರವಾನಿಗೆ ಬೇಕೆಂಬ ಕಾಯಿದೆಯೂ ಇಂತಹದೇ. ಜನರ ದುಃಖವು ಬೇಕಾದಷ್ಟಿರುವದು. ಅದು ಹರಿಯುವ ದಾರಿಯ ಬೀಗದ ಕೈ ಮಾತ್ರ ಸರಕಾರದವರ ಸೊಂಟದಲ್ಲಿರುವದು.

ಇದು ಬರಿಯ ಕಲ್ಪನೆಯಲ್ಲ. ಕೆರೆಬಿಳಚಿಯು ಅಂದು ಸೇರಿದ್ದ ಮೈಸೂರು ಸಂಸ್ಥಾನದಲ್ಲಿಯೇ ಇದು ನಡೆದುಹೋಯಿತು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನೂ 1907ರಲ್ಲಿ ನ್ಯಾಯವಿಧಾಯಕ ಸಭೆಯನ್ನೂ ಪಡೆದು, ಮಾದರಿ ಸಂಸ್ಥಾನವೆಂದು ಹೊಗಳಿಸಿಕೊಂಡ ನಾಡು ಅದು. ಆ ನಾಡಿನಲ್ಲಿಯೇ, ವಿ. ಪಿ. ಮಾಧವರಾಯರ ದಿವಾನಗಿರಿಯಲ್ಲಿ, 1908ರ ವೃತ್ತಪತ್ರಿಕಾ ರೆಗ್ಯುಲೇಷನ್ ಜಾರಿಗೆ ಬಂದಿತು. ಸರಕಾರದ ಅಪ್ಪಣೆಯಿಲ್ಲದೆ ಯಾರೂ ಪತ್ರಿಕೆಯನ್ನು ಹೊರಡಿಸಕೂಡದು. ಕೊಟ್ಟ ಅಪ್ಪಣೆಯನ್ನು ಸರಕಾರವು ಹಿಂದಕ್ಕೆ ತೆಗೆದುಕೊಳ್ಳಬಹುದು. ಒಂದು ಕೈಯಿಂದ ಸಭೆಯನ್ನು ಕೊಟ್ಟವರು ಮತ್ತೊಂದು ಕೈಯಿಂದ ಬಾಯಿಗೆ ಬೀಗವನ್ನಿಕ್ಕಿದರು!

ಆಗ ಜನರು ತಾತಯ್ಯನೆಂದು ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿ ಪ್ರತಿಭಟಿಸಿದರು. ‘ವೃತ್ತಾಂತ ಚಿಂತಾಮಣಿ’ಯು ಮೌನವಾಯಿತು. 1823ರಲ್ಲಿ ಕಲ್ಕತ್ತೆಯಲ್ಲಿ ಇಂತಹದೇ ಪರವಾನಿಗೆಯ ಕಟ್ಟಳೆ ಬಂದಾಗ ರಾಜಾ ರಾಮಮೋಹನರಾಯರೂ ತಮ್ಮ ಪಾರಸಿ ಪತ್ರಿಕೆಯನ್ನು ಹೀಗೆಯೇ ನಿಲ್ಲಿಸಿದ್ದರು. ಆ ಮೌನವು ಸೋಲಲ್ಲ. ಆಳುವವರ ಮೋರೆಗೆ ಹಿಡಿದ ಕನ್ನಡಿ. ಆದರೂ ನಷ್ಟವು ಯಾರಿಗೆ? ತನ್ನ ಊರಿನ ಅಹವಾಲನ್ನು ದೂರದ ದಿವಾನರ ಕಿವಿಗೆ ಮುಟ್ಟಿಸುವ ಒಂದು ದಾರಿಯನ್ನು ಕಳೆದುಕೊಂಡ ಹಳ್ಳಿಯವನಿಗೇ.

ಗಡಿಯಾಚೆಯ ಕನ್ನಡಿಗರು ಸುಖಿಗಳಾಗಿದ್ದರೋ? ಅದೂ ಇಲ್ಲ. ಮುಂಬಯಿ ಮದರಾಸು ಇಲಾಖೆಗಳಲ್ಲಿ ಹಂಚಿಹೋಗಿದ್ದ ನಮ್ಮವರ ಮೇಲೆ ಅದೇ 1908ರಲ್ಲಿ ಮುದ್ರಣಾಲಯವನ್ನೇ ಜಪ್ತು ಮಾಡುವ ಕಾಯಿದೆಯೂ, 1910ರಲ್ಲಿ ಠೇವಣಿ ಕೇಳುವ ಕಾಯಿದೆಯೂ ಬಂದವು. ನಾಡು ಒಡೆದಿತ್ತು, ಕಾಯಿದೆಗಳು ಬೇರೆಯಾಗಿದ್ದವು. ಬೀಗವು ಮಾತ್ರ ಒಂದೇ ಆಗಿತ್ತು!

“ಪ್ರಾಮಾಣಿಕನಿಗೆ ಪರವಾನಿಗೆಯ ಭಯವೇಕೆ?” ಎಂದು ಕೆಲವರು ಕೇಳುವರು. ನಾವು ಹೇಳುವೆವು: ಭಯವಿರುವದು ಪ್ರಾಮಾಣಿಕನಿಗೇ! ಸ್ತುತಿಪಾಠಕನಿಗೆ ಅಪ್ಪಣೆಯು ತಪ್ಪುವದಿಲ್ಲ. ಸುಳ್ಳು ಬರೆದವನನ್ನು ನ್ಯಾಯಸ್ಥಾನಕ್ಕೆ ಎಳೆಯಿರಿ. ಅಲ್ಲಿ ಸಾಕ್ಷಿಯುಂಟು, ವಾದವುಂಟು. ಆದರೆ ಪರವಾನಿಗೆಯು ಬರೆಯುವ ಮೊದಲೇ ಶಿಕ್ಷಿಸುವದು. ಅದನ್ನು ಒಮ್ಮೆಯೂ ರದ್ದು ಮಾಡಬೇಕಾದುದಿಲ್ಲ. ರದ್ದಾದೀತೆಂಬ ಅಳುಕೊಂದೇ ಸಂಪಾದಕನ ಲೇಖನಿಯನ್ನು ಬಾಗಿಸಲು ಸಾಕು.

1950ರ ರಾಜ್ಯಘಟನೆಯು ನಮಗೆ ವಾಕ್ ಸ್ವಾತಂತ್ರ್ಯವನ್ನು ಕೊಟ್ಟಿತು. 1956ರಲ್ಲಿ ನಾಡೂ ಒಂದಾಯಿತು. ಆದರೂ 1975ರ ತುರ್ತುಪರಿಸ್ಥಿತಿಯಲ್ಲಿ ಸೆನ್ಸಾರಿನ ಕತ್ತರಿಯನ್ನು ನಾವು ಕಂಡೆವು. ಈಗ 1867ರ ಹಳೆಯ ಕಾಯಿದೆಯು ಹೋಗಿ, 2023ರ ನಿಯತಕಾಲಿಕಗಳ ನೋಂದಣಿ ಕಾಯಿದೆಯು 2024ರ ಮಾರ್ಚಿ 1ರಿಂದ ನಡೆಯುತ್ತಿದೆ. ಸೆರೆವಾಸದ ವಿಧಿಗಳು ಬಹುಮಟ್ಟಿಗೆ ಕಡಿಮೆಯಾದುವು, ಅಪೀಲಿಗೆ ಮಂಡಲಿಯುಂಟು, ಇದನ್ನು ಒಪ್ಪುವೆವು. ಆದರೆ ನೋಂದಣಿಯನ್ನು ತಡೆಹಿಡಿಯುವ, ರದ್ದು ಮಾಡುವ ಅಧಿಕಾರವು ಸರಕಾರವೇ ನೇಮಿಸಿದ ರಿಜಿಸ್ಟ್ರಾರರ ಕೈಯಲ್ಲಿದೆ. ಮಗುವಿನ ಹುಟ್ಟನ್ನು ದಫ್ತರದಲ್ಲಿ ಬರೆಯುವದು ಬೇರೆ. ಹುಟ್ಟಲು ಅಪ್ಪಣೆ ಕೊಡುವದು ಬೇರೆ. ಮೊದಲನೆಯದು ನೋಂದಣಿ, ಎರಡನೆಯದು ಪರವಾನಿಗೆ. ಒಂದು ಮತ್ತೊಂದಾಗಿ ಮಾರ್ಪಡಲು ಹೊಸ ಕಾಯಿದೆಯೂ ಬೇಡ. ಜನರು ಮೈಮರೆತರೆ ಸಾಕು.

ಕನ್ನಡಿಗರೇ, ಎಚ್ಚರವಾಗಿರಿ! ತೂಬನ್ನು ಕಾಯುವದು ನೀರುಗಂಟಿಯೊಬ್ಬನ ಕೆಲಸವಲ್ಲ. ಕೆರೆಯ ನೀರುಣ್ಣುವ ಊರಿನವರೆಲ್ಲರ ಕೆಲಸ. ನಿಮ್ಮ ಪತ್ರಿಕೆಯ ನಾಲಗೆಯನ್ನು ನೀವು ಕಾಯದಿದ್ದರೆ, ನಾಳೆ ನಿಮ್ಮ ಗೋಳನ್ನು ನುಡಿಯುವವರಾರು?