ಒಂದು ವರ್ಷ ಕಮ್ಮಿ ಮಾಡ್ಸುದಾ?

ಹದಿನೈದರ ಹುಡುಗ ಚೆನ್ನಾಗಿ ಬೌಲಿಂಗ್ ಮಾಡಿದರೆ ನಮ್ಮ ಊರಲ್ಲಿ ಜನ ಮೊದಲು ಕೇಳುವುದು "ಎಷ್ಟು ವಿಕೆಟ್ ತೆಗ್ದ?" ಅಂತ. ಎರಡನೆಯ ಪ್ರಶ್ನೆ ಸ್ವಲ್ಪ ಮೆಲ್ಲಗೆ ಬರುತ್ತದೆ: "ಡೇಟ್ ಆಫ್ ಬರ್ತ್ ಎಷ್ಟು?" ನನ್ನ ಅಕ್ಕನ ಮಗನ ವಿಷಯದಲ್ಲಿ ಈ ಎರಡನೆಯ ಪ್ರಶ್ನೆ ಮನೆಯೊಳಗೇ ಬಂದು ಕೂತಿದೆ. ಹೂಡೆಯ ಕಡಲ ಬದಿಯ ಹೊಯಿಗೆಯಲ್ಲಿ ಟೆನಿಸ್ ಬಾಲ್ ಎಸೆದು ಕಲಿತವನು ಅವನು. ಈಗ ಲೆದರ್ ಬಾಲ್, ಬಸ್ ಹತ್ತಿ ಉಡುಪಿಗೆ ಕೋಚಿಂಗ್. ಅಲ್ಲಿ ಯಾರೋ ಅಕ್ಕನ ಕಿವಿಗೆ ಒಂದು ಮಾತು ಹಾಕಿದ್ದಾರೆ.

"ಸರ್ಟಿಫಿಕೇಟಲ್ಲಿ ಒಂದು ವರ್ಷ ಕಮ್ಮಿ ಮಾಡ್ಸಿದ್ರೆ ಇನ್ನೊಂದು ಸೀಸನ್ ಸಿಗ್ತದಂತೆ ಮಾರಾಯ. ಎಲ್ಲರೂ ಮಾಡುದಂತೆ. ನೀನೆಂತ ಹೇಳ್ತಿ?"

ಬೇಡ ಅಂತಲೇ ಹೇಳಿದೆ. ಆದರೆ ಬರೀ 'ತಪ್ಪು' ಅಂದರೆ ಯಾವ ತಾಯಿಯೂ ಒಪ್ಪುವುದಿಲ್ಲ, ಲೆಕ್ಕ ತೋರಿಸಬೇಕು.

ನಮ್ಮ ಕ್ರಿಕೆಟ್‌ನಲ್ಲಿ ವಯಸ್ಸನ್ನು ಅಳೆಯುವುದು ಸೆಪ್ಟೆಂಬರ್ 1ಕ್ಕೆ. 16ರೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗಿನವರಿಗೆ ಕೂಚ್ ಬೆಹಾರ್, 23ರೊಳಗಿನವರಿಗೆ ಸಿ.ಕೆ. ನಾಯುಡು. ಉಡುಪಿಯ ಹುಡುಗ ಮೊದಲು ಮಂಗಳೂರು ವಲಯದ ಆಯ್ಕೆಯಲ್ಲಿ ಕಣ್ಣಿಗೆ ಬೀಳಬೇಕು, ಬೆಂಗಳೂರು ಆಮೇಲಿನ ಮಾತು. ನಮ್ಮವನು ಹುಟ್ಟಿದ್ದು ಆಗಸ್ಟ್ ಕೊನೆಯ ವಾರ. ಅಂದರೆ ಹಿಂದಿನ ಸೆಪ್ಟೆಂಬರಿನಲ್ಲಿ ಹುಟ್ಟಿದವನು ಇವನಿಗಿಂತ ಹನ್ನೊಂದು ತಿಂಗಳಿಗೂ ಹೆಚ್ಚು ದೊಡ್ಡವ, ಆದರೆ ಇಬ್ಬರೂ ಒಂದೇ ಗುಂಪು. ಒಬ್ಬನಿಗೆ ಮೀಸೆ ಬಂದಿರ್ತದೆ, ಇನ್ನೊಬ್ಬನ ಗಂಟಲೇ ಒಡೆದಿರುವುದಿಲ್ಲ. ಆಯ್ಕೆ ಮಾಡುವವರ ಕಣ್ಣು ಯಾರ ಮೇಲೆ ಬೀಳ್ತದೆ ಅಂತ ಹೇಳಬೇಕಾ?

ಇದು ನಮ್ಮೊಬ್ಬರ ಕತೆಯಲ್ಲ. ಕೆನಡಾದ ಐಸ್ ಹಾಕಿಯಲ್ಲಿ ಲೆಕ್ಕ ಜನವರಿ 1ಕ್ಕೆ ಶುರು. ಅಲ್ಲಿನ ಜೂನಿಯರ್ ತಂಡಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಜಾಸ್ತಿ ಎಂದು ಸಂಶೋಧಕರು 1985ರಲ್ಲೇ ತೋರಿಸಿದ್ದರು. ಹಾಗಾಗಿ ಅಕ್ಕನ ಹೊಟ್ಟೆಯುರಿಯಲ್ಲಿ ಸ್ವಲ್ಪ ನ್ಯಾಯ ಉಂಟು. ಆದರೆ ಇವನ ಒಂದು ವರ್ಷ ಕಮ್ಮಿ ಮಾಡಿದ ಕೂಡಲೇ ಆ ಗುಂಪಿನ ದೊಡ್ಡ ಹುಡುಗ ಇವನೇ ಆಗ್ತಾನೆ. ಆಗ ಹೊರಗೆ ನಿಲ್ಲುವವನು ಕಾರ್ಕಳದಲ್ಲೋ ಕಾಪುವಿನಲ್ಲೋ ಆಗಸ್ಟಿನಲ್ಲಿ ಹುಟ್ಟಿದ ಇನ್ನೊಬ್ಬ ಹುಡುಗ.

ಸಿಕ್ಕಿಬೀಳುವ ಮಾತಿಗೆ ಬರೋಣ. 16ರೊಳಗಿನ ಹಂತದಲ್ಲಿ ಬಿಸಿಸಿಐ ಕಾಗದವನ್ನು ಮಾತ್ರ ನಂಬುವುದಿಲ್ಲ. ಟಿಡಬ್ಲ್ಯೂ3 ಎಂಬ ವಿಧಾನದಲ್ಲಿ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಹುಡುಗರಿಗೆ 16.4 ಬಂದರೆ ಒಳಗೆ, 16.5 ಬಂದರೆ ಹೊರಗೆ. ಇದರಲ್ಲೂ ತೊಂದರೆ ಇಲ್ಲದಿಲ್ಲ. ಎಲ್ಲ ಮಕ್ಕಳ ಮೂಳೆ ಕ್ಯಾಲೆಂಡರ್ ನೋಡಿ ಬೆಳೆಯುವುದಿಲ್ಲವಲ್ಲ, ಬೇಗ ಬಲಿಯುವ ಪ್ರಾಮಾಣಿಕ ಹುಡುಗನೂ ಹೊರಗೆ ಬೀಳಬಹುದು. ಮೊದಲು ಒಂದು ಸಲ ಬಂದ ಅಂಕಿಗೆ ಮುಂದಿನ ವರ್ಷ ಸುಮ್ಮನೆ 1 ಕೂಡಿಸಿ ಲೆಕ್ಕ ಮುಗಿಸುತ್ತಿದ್ದರು. ಅಂಥ ಕೂಡಿಸಿದ ಲೆಕ್ಕದಿಂದ ಯಾರೂ ಹೊರಬೀಳಬಾರದೆಂದು ಎರಡನೆಯ ಪರೀಕ್ಷೆಗೆ ಅವಕಾಶ ಕೊಟ್ಟದ್ದು 2025ರಲ್ಲಿ. ತಡವಾಗಿಯಾದರೂ ಒಳ್ಳೆಯ ಕೆಲಸ.

ಶಿಕ್ಷೆ ಸಣ್ಣದಲ್ಲ. ಸುಳ್ಳು ವಯಸ್ಸು ಕೊಟ್ಟವರು ತಾವಾಗಿಯೇ ಒಪ್ಪಿಕೊಂಡರೆ ಮಾಫಿ ಎಂದು 2020ರಲ್ಲಿ ಬಿಸಿಸಿಐ ಸೆಪ್ಟೆಂಬರ್ 15ರವರೆಗೆ ಸಮಯ ಕೊಟ್ಟಿತ್ತು. ಒಪ್ಪಿಕೊಳ್ಳದೆ ಸಿಕ್ಕಿಬಿದ್ದವರಿಗೆ 2 ವರ್ಷ ನಿಷೇಧ, ಆಮೇಲೆ ವಯೋಮಿತಿಯ ಟೂರ್ನಿಗಳೇ ಬಂದ್. ಅದಕ್ಕೂ ಮೊದಲು, 2019ರಲ್ಲಿ, ಮುಂಬೈ ಇಂಡಿಯನ್ಸ್‌ಗೆ ಐಪಿಎಲ್ ಆಡಿದ್ದ ರಸಿಖ್ ಸಲಾಂಗೂ ಜನನ ಪತ್ರದ ವಿಷಯದಲ್ಲಿ 2 ವರ್ಷ ನಿಷೇಧ ಬಿದ್ದಿತ್ತು.

ಬರೀ ಆರೋಪ ಬಂದರೂ ಸಾಕು, ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ಬ್ಯಾಡ್ಮಿಂಟನ್‌ನ ಲಕ್ಷ್ಯ ಸೇನ್ ಮೇಲೆ 2022ರಲ್ಲಿ ಬೆಂಗಳೂರಿನಲ್ಲಿ ಕೇಸಾಯಿತು. ಅದನ್ನು ಸುಪ್ರೀಂ ಕೋರ್ಟ್ ರದ್ದು ಮಾಡುವಾಗ 2025ರ ಜುಲೈ ಬಂದಿತ್ತು.

ನಮ್ಮ ರಾಹುಲ್ ದ್ರಾವಿಡ್ 19ರೊಳಗಿನವರ ಕೋಚ್ ಆಗಿದ್ದಾಗ, 2015ರ ಡಿಸೆಂಬರಿನಲ್ಲಿ, ಪಟೌಡಿ ಉಪನ್ಯಾಸದಲ್ಲಿ ಇದೇ ಹುಣ್ಣಿಗೆ ಕೈ ಹಾಕಿದ್ದರು. ಸುಳ್ಳು ವಯಸ್ಸಿನವನು ನಿಜವಾದ ಪ್ರತಿಭೆಯ ಜಾಗ ತಿನ್ನುತ್ತಾನೆ ಎಂಬುದು ಅವರ ವಾದ. ಮರುವರ್ಷ ಬಿಸಿಸಿಐ ಒಂದು ನಿಯಮ ತಂದಿತು: 19ರೊಳಗಿನ ವಿಶ್ವಕಪ್ ಒಬ್ಬನಿಗೆ ಒಂದೇ ಸಲ, ವಯಸ್ಸು ಉಳಿದಿದ್ದರೂ ಎರಡನೆಯ ಸಲ ಇಲ್ಲ. ಕೆಲವರಿಗೆ ಕಹಿಯಾಯಿತು. ನನಗೆ ಇದು ಮೂಳೆ ಪರೀಕ್ಷೆಗಿಂತ ಜಾಣ ನಿಯಮ ಅನಿಸುತ್ತದೆ, ಯಾಕೆಂದರೆ ಕೆಳಗೇ ಉಳಿದು ಸಿಗುವ ಲಾಭವೇ ಕಡಿಮೆಯಾಯಿತು.

ಕೆನಡಾದ ತಲೆನೋವು ಇದಕ್ಕೆ ಉಲ್ಟಾ. ಅಲ್ಲಿನ ಹುಡುಗನನ್ನು 18ಕ್ಕೇ ಎನ್‌ಎಚ್‌ಎಲ್ ತಂಡ ಹೆಸರಿಸಿಕೊಳ್ಳಬಹುದು. ಆದರೆ ಅದರ ಕೆಳಗಿನ ವೃತ್ತಿಪರ ಲೀಗ್ ಆದ ಎಎಚ್‌ಎಲ್‌ಗೆ ಹೋಗಲು ಸಾಮಾನ್ಯವಾಗಿ ಡಿಸೆಂಬರ್ 31ಕ್ಕೆ 20 ತುಂಬಿರಬೇಕು, ಇಲ್ಲವೇ ಜೂನಿಯರ್‌ನಲ್ಲಿ 4 ವರ್ಷ ಆಡಿರಬೇಕು. ಅಲ್ಲಿಯವರೆಗೆ ಒಂದೋ ಎನ್‌ಎಚ್‌ಎಲ್, ಇಲ್ಲದಿದ್ದರೆ ಮರಳಿ ಜೂನಿಯರ್. 2026–27ರಿಂದ ತಂಡಕ್ಕೊಬ್ಬ 19ರವನಿಗೆ ಬಾಗಿಲು ತೆರೆಯುವ ಒಪ್ಪಂದವಾಗಿದೆ. ಅಲ್ಲಿ ಹುಡುಗ ಬೇಗ ಮೇಲೆ ಹೋಗದಂತೆ ತಡೆ, ನಮ್ಮಲ್ಲಿ ಕೆಳಗೇ ಕೂರದಂತೆ ತಡೆ.

ನಮ್ಮಲ್ಲಿ ಮೇಲಿನ ಬಾಗಿಲಿಗೂ ಒಂದು ಚಿಲಕ ಉಂಟು. 19ರೊಳಗಿನವನು ಐಪಿಎಲ್‌ಗೆ ಬರಬೇಕಾದರೆ ಒಂದಾದರೂ ಪ್ರಥಮ ದರ್ಜೆ ಪಂದ್ಯ ಆಡಿರಬೇಕು. ವೈಭವ್ ಸೂರ್ಯವಂಶಿ 12ರಲ್ಲೇ ಬಿಹಾರಕ್ಕೆ ರಣಜಿ ಆಡಿದ್ದರಿಂದ 14ಕ್ಕೆ ಐಪಿಎಲ್‌ನಲ್ಲಿ ಶತಕ ಹೊಡೆದ. ಆ ವಿಡಿಯೊ ನೋಡಿ ನೋಡಿಯೇ ಅಕ್ಕನಿಗೆ 15 ಅಂದರೆ ತಡವಾಯ್ತು ಅನಿಸಿರುವುದು!

ಅಕ್ಕನಿಗೆ ಹೆಚ್ಚು ತಾಗಿದ್ದು ಮಾತ್ರ ಕ್ರಿಕೆಟ್ಟಿನ ಮಾತಲ್ಲ, ಪಾಸ್‌ಪೋರ್ಟ್. ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು ತಾರೀಕು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಎಷ್ಟು ಕಚೇರಿ ಅಲೆಯಬೇಕು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೊದಲೆಲ್ಲ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದದ್ದೇ ಜನ್ಮದಿನ ಆಗುತ್ತಿತ್ತು. 2023ರ ಅಕ್ಟೋಬರ್ 1ರಿಂದ ಕಾನೂನು ಬದಲಾಗಿದೆ, ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಪಾಸ್‌ಪೋರ್ಟಿನ ತನಕ ಜನನ ಪ್ರಮಾಣಪತ್ರದ ತಾರೀಕೇ ಆಧಾರ. ಮಗು ಹುಟ್ಟಿ 21 ದಿನದೊಳಗೆ ನೋಂದಣಿ ಮಾಡಿಸಿಬಿಡಿ. ಎಷ್ಟೋ ವರ್ಷ ಬಿಟ್ಟು ಮಾಡಿಸಿದ ಪತ್ರ ಕಂಡರೆ ಆಯ್ಕೆಯವರಿಗೆ ಮೊದಲು ಬರುವುದೇ ಸಂಶಯ.

16ರೊಳಗಿನ ತಂಡ ಸಿಗದಿದ್ದರೆ ಎಲ್ಲ ಮುಗಿಯಿತು ಅನ್ನುವವರಿಗೆ ನಾನು ವಾಸುಕಿ ಕೌಶಿಕ್ ಹೆಸರು ಹೇಳುತ್ತೇನೆ. 1992ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಈ ವೇಗದ ಬೌಲರ್ ಕರ್ನಾಟಕಕ್ಕೆ ಮೊದಲ ರಣಜಿ ಪಂದ್ಯ ಆಡಿದ್ದು 2019ರ ಡಿಸೆಂಬರಿನಲ್ಲಿ. ಆಗ ವಯಸ್ಸು 27. ಆ ಹಂತದಲ್ಲಿ ಎಕ್ಸ್‌ರೇ ಇಲ್ಲ, ಸೆಪ್ಟೆಂಬರ್ 1ರ ಲೆಕ್ಕವೂ ಇಲ್ಲ.